ಹಳೇ ಮನೆ ಕೊಳ್ಳುವ ಮೊದಲು ಒಳಚರಂಡಿ ಲೈನ್ ನೋಡುವುದು: ನಾನು ಅನುಸರಿಸುವ ಕ್ರಮ

ಬೆಂಗಳೂರಿನಲ್ಲಿ ಹಳೇ ಮನೆ ಕೊಳ್ಳುವವರು ಖಾತೆ, ಇಸಿ (ಋಣಭಾರ ಪ್ರಮಾಣಪತ್ರ), ತಾರಸಿ ಸೋರಿಕೆ ಎಲ್ಲ ವಿಚಾರಿಸುತ್ತಾರೆ. ಕಾಂಪೌಂಡಿನ ಮೂಲೆಯ ಚೇಂಬರಿನ, ಅಂದರೆ ಒಳಚರಂಡಿ ಪೈಪುಗಳು ಸೇರುವ ತೊಟ್ಟಿಯ, ಮುಚ್ಚಳ ಎತ್ತಿಸುವವರು ಕಡಿಮೆ. ನಾನು ಅಡ್ವಾನ್ಸ್ ಮಾತು ಬರುವ ಮೊದಲೇ ಎತ್ತಿಸುತ್ತೇನೆ. ಅಗ್ರಿಮೆಂಟ್ ಆದ ಮೇಲೆ ಗೊತ್ತಾದ ದೋಷಕ್ಕೆ ಯಾವ ಮಾಲೀಕರೂ ಬೆಲೆ ಇಳಿಸುವುದಿಲ್ಲ.

ಹಳೇ ಮನೆಗಳ ನೆಲದಡಿ ಇರುವುದು ಹೆಚ್ಚಾಗಿ ಸ್ಟೋನ್‌ವೇರ್ ಪೈಪು, ಅಂದರೆ ಮೆರುಗು ಕೊಟ್ಟು ಸುಟ್ಟ ಮಣ್ಣಿನದು. ಪೈಪು ಗಟ್ಟಿ ಸರಕು, ಸುಲಭಕ್ಕೆ ಸವೆಯುವುದಿಲ್ಲ. ಕೆಡುವುದು ಜಾಯಿಂಟು. 60 ಸೆಂ.ಮೀ. ಉದ್ದದ ತುಂಡುಗಳಾದರೆ 15 ಮೀಟರ್ ಲೈನಿನಲ್ಲಿ ಸುಮಾರು 25 ಜಾಯಿಂಟು ಬೀಳುತ್ತವೆ. ಒಂದೊಂದರಲ್ಲೂ ಸೆಣಬಿನ ಹುರಿ ತುರುಕಿ, ಮೇಲೆ ಸಿಮೆಂಟ್ ಗಾರೆ ಮೆತ್ತಿರುತ್ತಾರೆ. ಕೆಳಗಿನ ಮಣ್ಣು ಸ್ವಲ್ಪ ಕೂತರೂ ಗಾರೆ ಬಿರಿಯುತ್ತದೆ. ಬಿರುಕಿನಿಂದ ನೀರು ಹೊರಗೆ ಜಿನುಗುತ್ತದೆ, ಆ ತೇವ ಹುಡುಕಿಕೊಂಡು ಬೇರು ಒಳಗೆ ಬರುತ್ತದೆ. ಅಂಗಳದಲ್ಲಿ ಅರಳಿ, ಆಲವೇ ಇರಬೇಕೆಂದಿಲ್ಲ. ತೆಂಗಿನ ಬೇರಿನ ಎಳೆಗಳೂ ಸಾಕು.

ಮೊದಲು ತಿಳಿಯಬೇಕಾದದ್ದು ಲೈನ್ ಹೋಗುವ ದಾರಿ. 1898ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ (ಮಲ ಸಾಗಿಸಲು ಬಿಟ್ಟ ಓಣಿ) ಇರುತ್ತಿತ್ತು, ಕಕ್ಕಸು ಹಿತ್ತಲಲ್ಲಿರುತ್ತಿತ್ತು. ಅಂಥ ಮನೆಯ ಹಳೇ ಲೈನ್ ಹಿಂದಕ್ಕೆ ಹರಿದಿರಬಹುದು, ಆ ಗಲ್ಲಿ ಈಗ ಒತ್ತುವರಿಯಾಗಿರಬಹುದು. ಮುಂದಿನ ರಸ್ತೆಯ ಮ್ಯಾನ್‌ಹೋಲ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಇದಕ್ಕಿಂತ ದೊಡ್ಡ ತೊಡಕು ಅಣ್ಣತಮ್ಮಂದಿರಲ್ಲಿ ಪಾಲಾದ ಸೈಟು. ಹಿಂದಿನ ಪಾಲಿನ ಲೈನ್ ಮುಂದಿನ ಪಾಲಿನ ನೆಲದಡಿಯೇ ಹಾದಿರುತ್ತದೆ, ಕ್ರಯಪತ್ರದಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ನಾಳೆ ಪಕ್ಕದವರು ಅಡಿಪಾಯ ತೋಡಿದ ದಿನ ನಿಮ್ಮ ಮನೆಯ ನೀರು ನಿಲ್ಲುತ್ತದೆ.

ದಾರಿ ಪತ್ತೆಗೆ ಬಣ್ಣದ ನೀರು ಸಾಕು. ಅಡುಗೆ ಬಣ್ಣವನ್ನು ಬಕೆಟ್ಟಿನಲ್ಲಿ ಗಾಢವಾಗಿ ಕಲಸಿ, ಒಂದು ಟಾಯ್ಲೆಟ್ಟಿಗೆ ಕೆಂಪು, ಬಚ್ಚಲಿಗೆ ಹಸಿರು, ಹೀಗೆ ಬೇರೆಬೇರೆ ಸುರಿಯುತ್ತೇನೆ. ಪೊಟ್ಯಾಷಿಯಂ ಪರ್ಮಾಂಗನೇಟ್ ಬೇಡ, ಕೊಳಚೆಗೆ ಬಿದ್ದೊಡನೆ ಕಂದಾಗಿ ಕಾಣದಾಗುತ್ತದೆ. ಒಬ್ಬರು ಕೊನೆಯ ಚೇಂಬರಿನ ಬಳಿ, ಇನ್ನೊಬ್ಬರು ರಸ್ತೆ ಬದಿಯ ಮಳೆನೀರಿನ ಚರಂಡಿಯ ಬಳಿ ನಿಲ್ಲಬೇಕು. ಬಣ್ಣ ಮಳೆನೀರಿನ ಚರಂಡಿಯಲ್ಲಿ ಕಂಡರೆ ಮನೆಗೆ ಯುಜಿಡಿ (ರಸ್ತೆಯಡಿಯ ಒಳಚರಂಡಿ) ಕನೆಕ್ಷನ್ನೇ ಇಲ್ಲ, ಇಲ್ಲವೇ ಕಸ ಕಟ್ಟಿ ನಿಂತುಹೋದ ಲೈನನ್ನು ಯಾರೋ ಅಡ್ಡದಾರಿಗೆ ತಿರುಗಿಸಿದ್ದಾರೆ. ಎಲ್ಲೂ ಕಾಣದಿದ್ದರೆ ಅಂಗಳದಡಿ ಹಳೇ ಗುಂಡಿಯೊಂದು ಉಳಿದಿದೆ ಎಂಬ ಗುಮಾನಿ ಇಟ್ಟುಕೊಳ್ಳಿ.

ಚೇಂಬರ್ ಮುಚ್ಚಳ ತೆಗೆದ ಮೇಲೆ ಕಾಲು ಗಂಟೆಯಾದರೂ ಗಾಳಿಯಾಡಲು ಬಿಡಿ, ಹತ್ತಿರ ಬೀಡಿ ಹಚ್ಚಬೇಡಿ, ಯಾರನ್ನೂ ಒಳಗೆ ಇಳಿಸಬೇಡಿ. ಕೊಳೆತ ಮೊಟ್ಟೆ ವಾಸನೆ ನಿಂತಿತೆಂದರೆ ಗ್ಯಾಸ್ ಹೋಯಿತೆಂದು ಅರ್ಥವಲ್ಲ. ಪ್ರಮಾಣ ಹೆಚ್ಚಾದರೆ ಹೈಡ್ರೋಜನ್ ಸಲ್ಫೈಡ್ ಮೂಗನ್ನೇ ಮರಗಟ್ಟಿಸುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲ್ ಸ್ವಚ್ಛಗೊಳಿಸಲು ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಂತೆ ಅಪರಾಧ. ರಸ್ತೆಯ ಮ್ಯಾನ್‌ಹೋಲ್ ಜಲಮಂಡಳಿಯದು. ಅದನ್ನು ತೆರೆಯಬೇಕಾದರೆ ಅವರ ಸಿಬ್ಬಂದಿಯನ್ನೇ ಕರೆಸಬೇಕು, ಸಹಾಯವಾಣಿ 1916.

ಚೇಂಬರಿನ ಗೋಡೆಯನ್ನು ಟಾರ್ಚ್ ಬಿಟ್ಟು ನಿಧಾನವಾಗಿ ನೋಡಿ. ನೀರು ಸರಾಗವಾಗಿ ಹರಿಯುವ ಚೇಂಬರಿನಲ್ಲಿ ಜಿಡ್ಡಿನ ಗೆರೆ ತಳದ ಕಾಲುವೆಯ ಅಂಚಿನಲ್ಲೇ ಇರುತ್ತದೆ. ಗೆರೆ ಒಂದು ಗೇಣು ಮೇಲಿದ್ದರೆ, ಕಾಗದದ ಚೂರು, ಕೂದಲು ಗೋಡೆಗೆ ಅಂಟಿ ಒಣಗಿದ್ದರೆ, ನೀರು ಅಲ್ಲಿಯವರೆಗೆ ಏರಿ ನಿಂತಿತ್ತು ಎಂದೇ ತಿಳಿಯಿರಿ. ಗೋಡೆ ತೊಳೆದಿಟ್ಟಂತಿದ್ದರೂ ಖುಷಿಪಡಬೇಡಿ. ಮನೆ ತೋರಿಸುವ ಮುನ್ನ ಜೆಟ್ಟಿಂಗ್ (ಒತ್ತಡದ ನೀರು ಹೊಡೆದು ಲೈನ್ ತೊಳೆಯುವುದು) ಮಾಡಿಸಿರುತ್ತಾರೆ. ತಿಂಗಳುಗಟ್ಟಲೆ ಖಾಲಿ ಬಿದ್ದ ಮನೆಯಲ್ಲಂತೂ ಲೈನ್ ಒಣಗಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಓವರ್‌ಹೆಡ್ ಟ್ಯಾಂಕ್ ತುಂಬಿಸಿ, ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟು, ಫ್ಲಶ್ ಮಾಡಿ, 500 ಲೀಟರಾದರೂ ಹರಿಸಿದ ಮೇಲೆ ಉಳಿದ ಪರೀಕ್ಷೆ.

ಆಮೇಲೆ ವಾಟ, ಅಂದರೆ ಪೈಪಿನ ಇಳಿಜಾರು. ಹಳೇ ಕಾಲದ ಲೆಕ್ಕ ಸುಲಭ: 4 ಇಂಚಿನ ಪೈಪಿಗೆ 40ಕ್ಕೆ 1, 6 ಇಂಚಿಗೆ 60ಕ್ಕೆ 1. ಹತ್ತು ಮೀಟರಿಗೆ 4 ಇಂಚಿನದು 25 ಸೆಂ.ಮೀ. ಇಳಿಯಬೇಕು, 6 ಇಂಚಿನದು ಸುಮಾರು 17. ಗಾರೆಯವರ ಟ್ಯೂಬ್ ಲೆವೆಲ್ಲಿನಿಂದ (ನೀರು ತುಂಬಿದ ಪಾರದರ್ಶಕ ಕೊಳವೆ) ಮೊದಲ ಮತ್ತು ಕೊನೆಯ ಚೇಂಬರಿನ ತಳದ ಮಟ್ಟ ಅಳೆದರೆ ಇದು ಗೊತ್ತಾಗುತ್ತದೆ. ಅದೇ ಟ್ಯೂಬಿನಲ್ಲಿ ಇನ್ನೊಂದು ಅಳತೆಯನ್ನೂ ತೆಗೆದುಕೊಳ್ಳುತ್ತೇನೆ. ನನ್ನ ಮಟ್ಟಿಗೆ ಇದು ಕ್ಯಾಮೆರಾಕ್ಕಿಂತ ಮುಖ್ಯ: ಮನೆಯ ಅತಿ ತಗ್ಗಿನ ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲುವ ತಿರುವು) ಎಷ್ಟು ಎತ್ತರದಲ್ಲಿದೆ, ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಎಷ್ಟು ಎತ್ತರದಲ್ಲಿದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ಹಳೇ ಬಡಾವಣೆಗಳ ರಸ್ತೆಗಳು ಏರಿವೆ, ಮನೆಗಳು ತಗ್ಗಿಗೆ ಬಿದ್ದಿವೆ. ಜನ ತಾರಸಿಯ ಮಳೆನೀರನ್ನೂ ಯುಜಿಡಿಗೇ ಬಿಟ್ಟಿರುವುದರಿಂದ ಜೋರು ಮಳೆಗೆ ಮ್ಯಾನ್‌ಹೋಲ್ ತುಂಬುತ್ತದೆ. ಆ ನೀರು ರಸ್ತೆಗೆ ಉಕ್ಕುವ ಮೊದಲೇ ನಿಮ್ಮ ಬಚ್ಚಲಲ್ಲಿ ಮೇಲೇಳುತ್ತದೆ. ಬಚ್ಚಲ ನೆಲ ಮುಚ್ಚಳಕ್ಕಿಂತ ತಗ್ಗಿದ್ದರೆ ಕೊನೆಯ ಚೇಂಬರಿಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಬೇಕೇ ಬೇಕು. ಅದರ ಬಾಗಿಲಲ್ಲಿ ಕಸ ಸಿಕ್ಕಿಕೊಳ್ಳುತ್ತದೆ, ಆಗಾಗ ತೆಗೆದು ತೊಳೆಯಬೇಕಾಗುತ್ತದೆ.

ಕ್ಯಾಮೆರಾ ತರುವವರು “ಮೊದಲು ಜೆಟ್ ಹೊಡೆದುಬಿಡೋಣ ಸಾರ್” ಎನ್ನುತ್ತಾರೆ. ಬೇಡ. ಹೂಳು ಎಲ್ಲಿ ಕೂತಿದೆ ಎನ್ನುವುದೇ ಪೈಪು ಎಲ್ಲಿ ಜೋತಿದೆ ಎಂದು ಹೇಳುವುದು. ಬಿರುಕು ಬಿಟ್ಟ ಸ್ಟೋನ್‌ವೇರ್ ಜೆಟ್ಟಿನ ಒತ್ತಡಕ್ಕೆ ಒಡೆದೂ ಹೋಗಬಹುದು, ಆಗ ಮಾಲೀಕರಿಗೆ ಉತ್ತರ ಕೊಡಬೇಕಾದವರು ನೀವು. ಮೊದಲು ಇದ್ದ ಸ್ಥಿತಿಯಲ್ಲೇ ಒಮ್ಮೆ, ಬೇಕಾದರೆ ತೊಳೆದ ಮೇಲೆ ಇನ್ನೊಮ್ಮೆ. ಕೇಬಲ್ 30 ಮೀಟರಿನದಿರಲಿ, ಪರದೆಯ ಮೇಲೆ ಮೀಟರ್ ಅಂಕಿ ಕಾಣುತ್ತಿರಲಿ. ಟ್ರ್ಯಾಪಿನ ತಿರುವಿನಲ್ಲಿ ತಲೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಚೇಂಬರಿನಿಂದಲೇ ತೂರಿಸಬೇಕು. ಕೆಲವು ಹಳೇ ಮನೆಗಳ ಕೊನೆಯ ಚೇಂಬರಿನಲ್ಲಿ ಇಂಟರ್‌ಸೆಪ್ಟಿಂಗ್ ಟ್ರ್ಯಾಪ್ (ರಸ್ತೆ ಲೈನಿನ ಗ್ಯಾಸ್ ಮನೆಗೆ ಬರದಂತೆ ತಡೆಯುವ ಟ್ರ್ಯಾಪ್) ಇರುತ್ತದೆ. ಅದಕ್ಕೆ ಮೇಲಿನ ರಾಡಿಂಗ್ ಬಾಯಿಯ ಮುಚ್ಚಳ ತೆಗೆದು ದಾರಿ ಮಾಡಿಕೊಳ್ಳಬೇಕು. ಬಹಳ ಜನ ಕಾಂಪೌಂಡಿನವರೆಗೆ ನೋಡಿ ಕೇಬಲ್ ಸುತ್ತಿಬಿಡುತ್ತಾರೆ. ಕೊನೆಯ ಚೇಂಬರಿನಿಂದ ರಸ್ತೆಯ ಮ್ಯಾನ್‌ಹೋಲಿನವರೆಗಿನ ಭಾಗವೇ ದುಬಾರಿ ಭಾಗ. ಅಲ್ಲಿ ಕೆಟ್ಟಿದ್ದರೆ ರಸ್ತೆ ಅಗೆಯಲು ಅನುಮತಿ ಬೇಕು, ಅಗೆದ ರಸ್ತೆ ಸರಿಪಡಿಸುವ ಶುಲ್ಕವನ್ನೂ ಕಟ್ಟಬೇಕು.

ಒಂದು ನಲ್ಲಿಯ ನೀರು ಸಣ್ಣಗೆ ಹರಿಯುತ್ತಲೇ ಇರಲಿ. ಕ್ಯಾಮೆರಾ ನೀರಿನೊಳಗೆ ಮುಳುಗಿ ಒಂದೆರಡು ಮೀಟರ್ ಕಳೆದು ಮತ್ತೆ ಮೇಲೆದ್ದರೆ ಅಲ್ಲಿ ಪೈಪು ಜೋತಿದೆ. ಜಾಯಿಂಟಿನಲ್ಲಿ ಅರ್ಧಚಂದ್ರದಂತೆ ಅಂಚು ಕಂಡರೆ ಒಂದು ತುಂಡು ಕೆಳಗೆ ಕೂತಿದೆ. ಕೂದಲಿನಂಥ ಬೇರು ನಾಲ್ಕಾರು ಎಳೆಯಾದರೆ ಕತ್ತರಿಸಿ ಕಾಲ ತಳ್ಳಬಹುದು, ಪೊದೆಯಾಗಿದ್ದರೆ ಆ ಭಾಗ ಬದಲಿಸಬೇಕು. ಪೈಪಿನ ಗೋಡೆಯಲ್ಲಿ ತೂತು, ಅದರಾಚೆ ಬರೀ ಮಣ್ಣು ಕಂಡರೆ ಹೆಗ್ಗಣ ಸೇರಿರುತ್ತದೆ. ಅದರ ಮೇಲಿನ ನೆಲವನ್ನು ಹಾರೆಯ ಹಿಡಿಯಿಂದ ಕುಟ್ಟಿ ನೋಡಿ, ಪೊಳ್ಳು ಸದ್ದು ಬಂದರೆ ಅಡಿಯ ಮಣ್ಣು ಕೊಚ್ಚಿಹೋಗಿದೆ. ಸ್ಟೋನ್‌ವೇರ್ ಒಡೆದು ಪಿವಿಸಿ ತೂರಿಸಿ ಸಿಮೆಂಟ್ ಮೆತ್ತಿದ ಜಾಗಗಳೂ ಸಿಗುತ್ತವೆ. ಮೇಲೆ ಮಹಡಿ ಕಟ್ಟಿದಾಗ ಮಾಡಿದ ಕೆಲಸ ಅದು. ಒಳಕ್ಕೆ ಚಾಚಿದ ಪಿವಿಸಿಯ ತುದಿಗೆ ಬಟ್ಟೆ, ಕೂದಲು ಎಲ್ಲ ಸಿಕ್ಕಿಕೊಳ್ಳುತ್ತದೆ.

ಕ್ಯಾಮೆರಾ ಸೋರಿಕೆಯನ್ನು ತೋರಿಸುವುದಿಲ್ಲ. ಅದಕ್ಕೆ ಕೆಳಗಿನ ಚೇಂಬರಿನ ಪೈಪಿನ ಬಾಯಿಗೆ ರಬ್ಬರ್ ಪ್ಲಗ್ ಹಾಕಿ ಮೇಲಿನ ಚೇಂಬರ್ ಮುಕ್ಕಾಲು ತುಂಬಿಸುತ್ತೇನೆ. ಮೊದಲ ಅರ್ಧ ಗಂಟೆ ಇಟ್ಟಿಗೆ, ಗಾರೆ ನೀರು ಕುಡಿಯುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಮತ್ತೆ ತುಂಬಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇನ್ನೊಂದು ಅರ್ಧ ಗಂಟೆ ಬಿಟ್ಟು ನೋಡಿ. ಒಂದೆರಡು ಸೆಂ.ಮೀ. ಇಳಿದರೆ ಬಿಡಿ. ಅಂಗೈ ಅಗಲ ಇಳಿದರೆ, ಮೇಲಿನ ಚೇಂಬರಿನ ಪೈಪಿನ ಬಾಯಿಗೂ ಪ್ಲಗ್ ಹಾಕಿ ಮತ್ತೊಮ್ಮೆ ತುಂಬಿಸಿ. ಈಗ ಇಳಿಯದಿದ್ದರೆ ಸೋರುತ್ತಿರುವುದು ಪೈಪು, ಈಗಲೂ ಇಳಿದರೆ ಚೇಂಬರಿನ ಗೋಡೆಯೂ ಸೋರುತ್ತಿದೆ. ಅದಕ್ಕೆ ಹೊಸ ಗಿಲಾವು ಸಾಕಾಗಬಹುದು. ಸಂಪು ಈ ಲೈನಿನ ಪಕ್ಕದಲ್ಲೇ ಇದ್ದರೆ ಈ ಪರೀಕ್ಷೆಗೆ ಮೊದಲೇ ಅದನ್ನು ಖಾಲಿ ಮಾಡಿಸಿ ಒಳಗೋಡೆ ಒರೆಸಿ. ಚೇಂಬರಿನ ಕಡೆಯ ಗೋಡೆಯಲ್ಲಿ ಒದ್ದೆ ಮೂಡಿತೋ ನೋಡಿ. ಬಣ್ಣಕ್ಕಾಗಿ ಕಾಯಬೇಡಿ, ಮಣ್ಣು ಅದನ್ನು ಸೋಸಿಬಿಡಬಹುದು. ಒದ್ದೆ ಕಂಡರೆ ಆ ಸಂಪಿನ ನೀರು ಕುಡಿಯಲು ಲಾಯಕ್ಕಿಲ್ಲ.

ದುರಸ್ತಿಯ ರೂಪಾಯಿ ಲೆಕ್ಕ ರಸ್ತೆ, ಆಳ ನೋಡಿಯೇ ಹೇಳಬೇಕು. ಕೊಟೇಶನ್ ಕೇಳುವಾಗ ಕಾಂಪೌಂಡಿನ ಒಳಗಿನದು, ಹೊರಗಿನದು ಬೇರೆ ಬೇರೆ ಬರೆಸಿಕೊಳ್ಳಿ. ನೆಲದಡಿಗೆ ಐಎಸ್ 15328 ಗುರುತಿನ ಪಿವಿಸಿ, ಒಳಗೆ 110 ಮಿ.ಮೀ., ರಸ್ತೆಗೆ ಹೋಗುವುದು 160 ಮಿ.ಮೀ. ಇರಲಿ, ತಾರಸಿ ನೀರಿಗೆ ಬಳಸುವ ತೆಳು ಪೈಪನ್ನು ಹೂತು ಮುಚ್ಚುವವರಿದ್ದಾರೆ. ಆ ಮೊತ್ತ, ವಿಡಿಯೊದ ಪೂರ್ತಿ ಫೈಲು, ಮೀಟರ್ ಅಂಕಿ ಸಮೇತ ಮಾಲೀಕರ ಮುಂದಿಟ್ಟು ಮಾತಾಡಿ. ದುರಸ್ತಿ ಅವರೇ ಮಾಡಿಸಿಕೊಡುತ್ತೇನೆಂದರೆ ರಿಜಿಸ್ಟ್ರೇಷನ್‌ಗೆ ಮೊದಲು, ಮಣ್ಣು ಮುಚ್ಚುವ ಮುನ್ನ ನಿಮ್ಮನ್ನು ಕರೆದು ತೋರಿಸಬೇಕು ಎಂದು ಅಗ್ರಿಮೆಂಟಿನಲ್ಲೇ ಬರೆಸಿ.