ಆಯತ್‌ಗೂ ಆಕಾಶಕ್ಕೂ ಗಂಟು ಹಾಕಲು ಹೋದಾಗ

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ರಂಝಾನ್ ತಿಂಗಳಲ್ಲಿ ನಮ್ಮ ಮದರಸದ ಮಕ್ಕಳಿಗೆ ಕುರ್‌ಆನ್ ಮತ್ತು ಖಗೋಳದ ಬಗ್ಗೆ ಒಂದು ಗಂಟೆ ಮಾತಾಡಿ ಎಂದು ಅಲ್ಲಿ ಪಾಠ ಹೇಳುವ ಉಸ್ತಾದ್ ಕೇಳಿದರು. ಸುಲಭದ ಕೆಲಸ ಅಂದುಕೊಂಡೆ. ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ಒಟ್ಟು ಮಾಡಿ ಟಿಪ್ಪಣಿ ಬರೆದೆ.

ಮೊದಲ ಸಾಲೇ ಕಬ್ಬಿಣದ್ದು. ಕುರ್‌ಆನಿನ 57ನೇ ಅಧ್ಯಾಯದ 25ನೇ ಆಯತ್‌ನಲ್ಲಿ, ಅಂದರೆ ವಚನದಲ್ಲಿ, ‘ಕಬ್ಬಿಣವನ್ನು ಇಳಿಸಿದೆವು’ ಎಂದಿದೆ. ಕಬ್ಬಿಣ ನಕ್ಷತ್ರಗಳಲ್ಲಿ ತಯಾರಾಗುತ್ತದೆ ಎನ್ನುವುದು ವಿಜ್ಞಾನ. ಎರಡೂ ಸರಿಹೊಂದಿತಲ್ವಾ? ಉಸ್ತಾದ್ ಓದಿ ನಕ್ಕರು. “ಮಾಷ್ಟ್ರೇ, 39ನೇ ಅಧ್ಯಾಯದ 6ನೇ ಆಯತ್‌ನಲ್ಲಿ ಜಾನುವಾರುಗಳಿಗೂ ಇದೇ ‘ಇಳಿಸು’ ಎಂಬ ಪದ ಉಂಟು. ಆಡು, ದನ ಕೂಡ ನಕ್ಷತ್ರದಿಂದ ಬಿದ್ದದ್ದಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೂ ನಾಚಿಕೆಯ ವಿಷಯ ಅಂದ್ರೆ, ನಮ್ಮ ಎಲುಬಿನ ಕ್ಯಾಲ್ಸಿಯಂ, ಉಸಿರಿನ ಆಮ್ಲಜನಕ ಕೂಡ ನಕ್ಷತ್ರಗಳಲ್ಲೇ ಹುಟ್ಟಿದ್ದು. ಕಬ್ಬಿಣ ಒಂದೇ ಏನೂ ಸ್ಪೆಷಲ್ ಅಲ್ಲ. ಇದು ನನಗೆ ಗೊತ್ತಿದ್ದೂ ಬರೆದಿದ್ದೆ. ಆ ಹಾಳೆ ಹರಿದು ಹಾಕಿದೆ.

ಆಮೇಲೆ ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿದೆ. ಅರಬಿ ಪದ, ಶೋಧಕ್ಕಿಂತ ಮೊದಲು ಅದಕ್ಕೆ ಹೇಳುತ್ತಿದ್ದ ಅರ್ಥ, ವಿಜ್ಞಾನಕ್ಕೆ ಅದು ಗೊತ್ತಾದ ಬಗೆ. ನಡುವಿನ ಕಾಲಂ ತುಂಬುವುದೇ ಕಷ್ಟ. ಅದನ್ನು ಉಸ್ತಾದ್ ತುಂಬಿದರು.

ಜಾಸ್ತಿ ಹೊತ್ತು ಹಿಡಿದದ್ದು 51ನೇ ಅಧ್ಯಾಯದ 47ನೇ ಆಯತ್. ಅದರ ಕೊನೆಯ ಪದ ‘ಮೂಸಿಊನ್’. ಈಗ ಇದನ್ನು ‘ನಾವು ಆಕಾಶವನ್ನು ವಿಸ್ತರಿಸುತ್ತಿದ್ದೇವೆ’ ಎಂದು ಓದುವವರು ಬಹಳ. ಹಳೆಯ ವ್ಯಾಖ್ಯಾನಕಾರರಲ್ಲಿ ಕೆಲವರು ‘ವಿಶಾಲ ಮಾಡಿದೆವು’ ಎಂದರು, ಕೆಲವರು ‘ನಾವು ಸಾಮರ್ಥ್ಯ ಉಳ್ಳವರು’ ಎಂದರು. ಇದೇ ಪದದ ಏಕವಚನ 2ನೇ ಅಧ್ಯಾಯದ 236ನೇ ಆಯತ್‌ನಲ್ಲಿ ಬರುತ್ತದೆ. ಅಲ್ಲಿ ಅದರ ಅರ್ಥ ‘ಅನುಕೂಲಸ್ಥ’, ಅಂದರೆ ಕೈಯಲ್ಲಿ ಕಾಸಿರುವವನು!

ಮೂರನೇ ಕಾಲಂನ ಕತೆಯೇ ಬೇರೆ. 1912ರಿಂದ ಖಗೋಳ ವಿಜ್ಞಾನಿ ಸ್ಲೈಫರ್ ಗೆಲಾಕ್ಸಿಗಳ ಬೆಳಕನ್ನು ಅಳೆಯುತ್ತಾ ಹೋದರು, ಹೆಚ್ಚಿನವುಗಳ ಬೆಳಕು ಕೆಂಪಿನ ಕಡೆ ಸರಿದಿತ್ತು, ಅಂದರೆ ಅವು ನಮ್ಮಿಂದ ದೂರ ಓಡುತ್ತಿದ್ದವು. 1927ರಲ್ಲಿ ಭೌತವಿಜ್ಞಾನಿ ಲಮೆತ್ರ್ ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಕಟ್ಟಿದರು. ದೂರ ಹೆಚ್ಚಿದಷ್ಟು ಓಟವೂ ಹೆಚ್ಚು ಎಂದು 1929ರಲ್ಲಿ ಖಗೋಳ ವಿಜ್ಞಾನಿ ಹಬಲ್ ತೋರಿಸಿದರು. ಆಯತ್ ಓದಿ ಯಾರೂ ಇದನ್ನು ಮೊದಲೇ ಹೇಳಿರಲಿಲ್ಲ. ಹಾಗಾಗಿ ಮಕ್ಕಳಿಗೆ ‘ಹೀಗೂ ಓದಬಹುದು’ ಎಂದೆ, ‘ಇದೇ ಪುರಾವೆ’ ಎನ್ನಲಿಲ್ಲ. ದರ್ಜಿ ಅಂಗಡಿಯಿಂದ ಎಲಾಸ್ಟಿಕ್ ಪಟ್ಟಿ ತಂದು, ಪೆನ್ನಿನಿಂದ ಚುಕ್ಕಿ ಇಟ್ಟು, ಎಳೆದು ತೋರಿಸಿದೆ. ಯಾವ ಚುಕ್ಕಿಯ ಮೇಲೆ ಕೂತು ನೋಡಿದರೂ ಉಳಿದವು ದೂರ ಹೋಗುತ್ತವೆ. ಅದು ಮಕ್ಕಳಿಗೆ ತಕ್ಷಣ ಹಿಡಿಸಿತು.

86ನೇ ಅಧ್ಯಾಯದ ‘ತಾರಿಕ್’ ಎಂದರೆ ಪಲ್ಸಾರ್ (ಬಾಗಿಲು ತಟ್ಟಿದಂತೆ ಒಂದೇ ಲಯದಲ್ಲಿ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ) ಎನ್ನುವ ವಾದವನ್ನು ಬಿಟ್ಟುಬಿಟ್ಟೆ. ಆ ಪದಕ್ಕೆ ರಾತ್ರಿ ಬಂದು ಬಾಗಿಲು ತಟ್ಟುವವನು ಎಂಬ ಅರ್ಥ ಇದೆ, ನಿಜ. ಆದರೆ ಅರಬರು ಕಣ್ಣಾರೆ ನೋಡುತ್ತಿದ್ದ ಹೊಳೆಯುವ ನಕ್ಷತ್ರವೇ ಅಲ್ಲಿ ಚಂದ.

ಕೊನೆಗೆ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ಸಲಾಮ್ ನೆನಪಾದರು. 1979ರಲ್ಲಿ ನೊಬೆಲ್ ಔತಣದ ಭಾಷಣದಲ್ಲಿ ಅವರು 67ನೇ ಅಧ್ಯಾಯದ ಸಾಲು ಹೇಳಿದ್ದರು: ಮತ್ತೆ ನೋಡು, ಎಲ್ಲಾದರೂ ಬಿರುಕು ಕಾಣುತ್ತದೆಯೇ? ಸರಿ, ನಾವೂ ನೋಡೋಣ ಅಂತ ರಂಝಾನಿನ ರಾತ್ರಿ ನಮಾಝ್ ತರಾವೀಹ್ ಮುಗಿದ ಮೇಲೆ ಮಕ್ಕಳನ್ನು ತಾರಸಿಗೆ ಕರಕೊಂಡು ಹೋದೆ. 53ನೇ ಅಧ್ಯಾಯದಲ್ಲಿ ‘ಶಿಅ್ರಾ’ ಎಂದು ಹೆಸರು ಹಿಡಿದು ಹೇಳಿದ ನಕ್ಷತ್ರ ನಮ್ಮ ಲುಬ್ಧಕವೇ (ಸಿರಿಯಸ್). ದಕ್ಷಿಣದ ಕಡೆ ಎತ್ತರದಲ್ಲಿ ಜಗ್ಗನೆ ಹೊಳೆಯುತ್ತಿತ್ತು. ಅದರ ಬೆಳಕು ಇಲ್ಲಿಗೆ ತಲುಪಲು ಸುಮಾರು ಎಂಟೂವರೆ ವರ್ಷ ಬೇಕು ಎಂದೆ.

ಒಬ್ಬ ಹುಡುಗ ಬೆರಳು ಮಡಚಿ ಎಣಿಸಿದ. “ಹಾಗಾದ್ರೆ ನಾನು ಹುಟ್ಟುವ ಮೊದಲೇ ಹೊರಟದ್ದಾ ಇದು?”

ಉಸ್ತಾದ್ ನನ್ನ ಬೈನಾಕ್ಯುಲರ್ ಇಸಕೊಂಡರು. ಅರ್ಧ ಗಂಟೆ ವಾಪಸ್ ಕೊಡಲಿಲ್ಲ.