ಮುದ್ದೆ ಎಷ್ಟು ಗ್ರಾಂ? ಟೈಪ್ 1 ಮನೆಯ ಅಡುಗೆ ಲೆಕ್ಕ

ನಮ್ಮ ಮನೆಯಲ್ಲಿ ಮುದ್ದೆ ತಟ್ಟೆಗೆ ಬರುವ ಮೊದಲು ತಕ್ಕಡಿ ಹತ್ತುತ್ತದೆ. ‘ಇದೇನು ಬಂಗಾರಾನಾ, ತೂಕ ಹಾಕ್ತೀರಲ್ಲ!’ ಎಂದು ನಕ್ಕ ನೆಂಟರೂ ಇದ್ದಾರೆ. ಮಗಳಿಗೆ ಟೈಪ್ 1 ಡಯಾಬಿಟಿಸ್ ಎಂದು ಗೊತ್ತಾದಾಗ ಅವಳಿಗೆ ಒಂಬತ್ತು ವರ್ಷ. ಈಗ ಹತ್ತನೇ ಕ್ಲಾಸು. ಅಷ್ಟು ವರ್ಷದಲ್ಲಿ ಒಲೆ ಮುಂದೆ ನಿಂತು ಕಲಿತ ಲೆಕ್ಕ ಇದು.

ಮನೆಯ ಹಿರಿಯರಿಗೆ ಬರುವ ಸಕ್ಕರೆ ಕಾಯಿಲೆ ಹೆಚ್ಚಾಗಿ ಟೈಪ್ 2. ಅವರ ಮೈಯಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಇರುತ್ತದೆ, ಆದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಟೈಪ್ 1 ಬೇರೆ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಮೈಯ ಕಾವಲು ಪಡೆಯೇ ಹಾಳು ಮಾಡಿರುತ್ತದೆ. ಹಾಗಾಗಿ ಇನ್ಸುಲಿನ್ ಹೊರಗಿನಿಂದಲೇ ಬರಬೇಕು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಒಂದಷ್ಟು ದಿನ ಉಳಿಸಿಕೊಳ್ಳುವುದೇ ಚಿಕಿತ್ಸೆಯಾಗಿತ್ತು. ನೂರು ವರ್ಷ ಕಳೆದರೂ ನಮ್ಮ ಅಕ್ಕಪಕ್ಕದವರ ಸಲಹೆ ಮಾತ್ರ ಅಲ್ಲೇ ನಿಂತಿದೆ: ಅದು ಕೊಡಬೇಡಿ, ಇದು ಕೊಡಬೇಡಿ.

ನಮ್ಮತ್ತೆಯೂ ಮೊದಮೊದಲು ‘ಅನ್ನ ಬ್ಯಾಡ ಕಣವ್ವ, ಮಗೀಗೆ ಮುದ್ದೆ ಕೊಡು, ಶುಗರ್ ಏರಕಿಲ್ಲ’ ಎನ್ನುತ್ತಿದ್ದರು. ಪ್ರೀತಿಯ ಮಾತೇ. ಆದರೆ ಮುದ್ದೆ ತಿಂದ ಎರಡು ಗಂಟೆಗೆ ರಕ್ತದ ಸಕ್ಕರೆ ನೋಡುವ ಮೀಟರ್ 290 ತೋರಿಸಿತು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ನಿಜ. ಆದರೆ ಮೈಯೊಳಗೆ ಸಕ್ಕರೆಯಾಗುವ ಕಾರ್ಬೋಹೈಡ್ರೇಟ್, ಚಿಕ್ಕದಾಗಿ ಕಾರ್ಬ್, ಗೋಧಿಗಿಂತ ಕಡಿಮೆಯೇನಿಲ್ಲ. ಊಟದ ಕಾರ್ಬ್‌ಗೆ ತಕ್ಕಂತೆ ಇನ್ಸುಲಿನ್ ಹಾಕಬೇಕಾದ್ದರಿಂದ, ಯಾವ ಧಾನ್ಯ ಎನ್ನುವುದಕ್ಕಿಂತ ಎಷ್ಟು ಗ್ರಾಂ ಕಾರ್ಬ್ ಎನ್ನುವುದೇ ನಮಗೆ ಮುಖ್ಯ.

ಮೊದಲು ಬೇಕಾದದ್ದು

ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಒಂದು ನೋಟ್‌ಬುಕ್. ಆ್ಯಪ್‌ಗಳೂ ಇವೆ. ಆದರೆ ನಿಮ್ಮ ಮನೆಯ ದೋಸೆ ಎಷ್ಟು ದಪ್ಪ ಎಂದು ಅವಕ್ಕೇನು ಗೊತ್ತು?

ದಿನಾ ಬಳಸುವ ಪಾತ್ರೆಗಳನ್ನು ಖಾಲಿ ಇದ್ದಾಗಲೇ ತೂಗಿ ಬರೆದಿಟ್ಟುಕೊಳ್ಳಿ. ಕುಕ್ಕರ್ ಮುಚ್ಚಳ ಬಿಟ್ಟು ಇಷ್ಟು, ಮುದ್ದೆ ಪಾತ್ರೆ ಇಷ್ಟು ಎಂದು ನಮ್ಮ ಕಪಾಟಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ. ಇದೊಂದು ಕೆಲಸ ಮಾಡಿದರೆ ಅರ್ಧ ಗೋಳು ತಪ್ಪುತ್ತದೆ.

ಹಸಿ ತೂಕದಿಂದ ಶುರು

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಅಂಕಿಅಂಶದ ಪುಸ್ತಕ ಹೊರತಂದಿದೆ. ಅದರ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್. ಜೋಳದಲ್ಲಿ 68, ರಾಗಿಯಲ್ಲಿ 67, ಗೋಧಿ ಹಿಟ್ಟಿನಲ್ಲಿ 64. ತೊಗರಿಬೇಳೆಯಲ್ಲಿ 55, ಉದ್ದಿನಬೇಳೆಯಲ್ಲಿ 51. ಬೇಳೆ ಎಂದರೆ ಬರೀ ಪ್ರೋಟೀನು ಎಂದುಕೊಂಡಿದ್ದ ನನಗೆ ಕೊನೆಯ ಎರಡು ಅಂಕಿ ನೋಡಿ ಆಶ್ಚರ್ಯವಾಯಿತು.

ಮುದ್ದೆಯನ್ನೇ ತೆಗೆದುಕೊಳ್ಳೋಣ. 200 ಗ್ರಾಂ ಹಿಟ್ಟು ತೂಗಿ ಎಸರಿಗೆ ಹಾಕಿದೆ. ಅದರಲ್ಲಿ 134 ಗ್ರಾಂ ಕಾರ್ಬ್. ಎಷ್ಟೇ ನೀರು ಹಾಕಲಿ, ಎಷ್ಟೇ ತಿರುವಲಿ, ಈ 134 ಬದಲಾಗುವುದಿಲ್ಲ. ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆದೆ. 640 ಗ್ರಾಂ ಬಂತು. 134ನ್ನು 640ರಿಂದ ಭಾಗಿಸಿದರೆ 0.21. ಅಂದರೆ ಬೆಂದ ಮುದ್ದೆಯ ಒಂದೊಂದು ಗ್ರಾಂನಲ್ಲಿ 0.21 ಗ್ರಾಂ ಕಾರ್ಬ್. ಮಗಳ ತಟ್ಟೆಯ ಮುದ್ದೆ 210 ಗ್ರಾಂ ಇದ್ದರೆ 44 ಗ್ರಾಂ ಕಾರ್ಬ್ ಆಯಿತು. ಹಿಟ್ಟು, ನೀರು ಅದೇ ಅಳತೆಯಲ್ಲಿದ್ದರೆ ಈ 0.21 ಹೆಚ್ಚುಕಮ್ಮಿ ಹಾಗೇ ಇರುತ್ತದೆ. ದಿನಾ ಭಾಗಾಕಾರ ಮಾಡಬೇಕಿಲ್ಲ.

ಅನ್ನಕ್ಕೂ ಇದೇ ದಾರಿ. ನಮ್ಮ ಮನೆಯ ಅನ್ನಕ್ಕೆ 0.28 ಬರುತ್ತದೆ. ಉದುರುದುರಾಗಿ ಮಾಡುವವರಿಗೆ ಇನ್ನೂ ಜಾಸ್ತಿ ಬರಬಹುದು.

ಇಡ್ಲಿಗೆ ತೂಕಕ್ಕಿಂತ ಎಣಿಕೆ ಸುಲಭ. 300 ಗ್ರಾಂ ಅಕ್ಕಿ, 100 ಗ್ರಾಂ ಉದ್ದು ನೆನೆಸಿದರೆ ಒಟ್ಟು 285 ಗ್ರಾಂ ಕಾರ್ಬ್. ಅದರಲ್ಲಿ 28 ಇಡ್ಲಿ ಆದರೆ ಒಂದಕ್ಕೆ 10. ಹೋಟೆಲಿನ ತಟ್ಟೆ ಇಡ್ಲಿಗೆ ಈ ಲೆಕ್ಕ ನಡೆಯದು. ಅಲ್ಲಿ ಒಂದು ಇಡ್ಲಿಯೇ ನಮ್ಮ ಮೂರಕ್ಕೆ ಸಮ.

ಬಾಕಿ ಬೇಗ ಮುಗಿಯುತ್ತದೆ. ಸೊಪ್ಪು, ಬೀನ್ಸ್, ಸೌತೆಕಾಯಿ ಲೆಕ್ಕಕ್ಕೆ ಬೇಡ. ಮೊಟ್ಟೆ, ಮೀನು, ಮಾಂಸ, ತುಪ್ಪದಲ್ಲಿ ಕಾರ್ಬ್ ಇಲ್ಲವೇ ಇಲ್ಲ ಅನ್ನಬಹುದು. ಆಲೂಗಡ್ಡೆ, ಗೆಣಸು ಎಣಿಸಲೇಬೇಕು. 200 ಎಂಎಲ್ ಹಾಲಿಗೆ 10 ಗ್ರಾಂ. ಸಣ್ಣ ಏಲಕ್ಕಿ ಬಾಳೆಹಣ್ಣಿಗೆ 10ರಿಂದ 12. ಬೆಲ್ಲ, ಜೇನುತುಪ್ಪ ಎರಡೂ ಸಕ್ಕರೆಯ ಅಣ್ಣತಮ್ಮಂದಿರೇ. ಪೊಟ್ಟಣದ ಮೇಲೆ ‘ಶುಗರ್ ಫ್ರೀ’ ಎಂದಿದ್ದರೆ ಮರುಳಾಗಬೇಡಿ. ತಿರುಗಿಸಿ ಕಾರ್ಬೋಹೈಡ್ರೇಟ್ ಎಂಬ ಸಾಲು ನೋಡಿ. ಬಿಸ್ಕತ್ತಿನ ಮೈದಾ ಎಲ್ಲಿಗೆ ಹೋಗುತ್ತದೆ?

ಗ್ರಾಂನಿಂದ ಯೂನಿಟ್‌ಗೆ

ಒಂದು ಯೂನಿಟ್ ಇನ್ಸುಲಿನ್ ಎಷ್ಟು ಗ್ರಾಂ ಕಾರ್ಬ್ ನಿಭಾಯಿಸುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಇದನ್ನು ನಿಮ್ಮ ಡಾಕ್ಟರೇ ಗೊತ್ತು ಮಾಡಬೇಕು. ಬೇಗ ಕೆಲಸ ಮಾಡುವ ಇನ್ಸುಲಿನ್ ಆದರೆ ಅವರು ಸಾಮಾನ್ಯವಾಗಿ ‘500ರ ಲೆಕ್ಕ’ದಿಂದ ಶುರು ಮಾಡುತ್ತಾರೆ. ದಿನಕ್ಕೆ ಒಟ್ಟು 40 ಯೂನಿಟ್ ಹೋಗುತ್ತಿದ್ದರೆ, 500 ಭಾಗಿಸು 40, ಹನ್ನೆರಡೂವರೆ. ಒಂದು ಯೂನಿಟ್‌ಗೆ ಹನ್ನೆರಡು ಗ್ರಾಂ ಕಾರ್ಬ್ ಎಂದಿಟ್ಟುಕೊಳ್ಳಿ.

ರಾತ್ರಿ ಊಟಕ್ಕೆ ಮುದ್ದೆ 44, ಬೇಳೆ ಸಾರು 8, ಮಜ್ಜಿಗೆಗೆ ಕಲಸಿದ ಒಂದು ಹಿಡಿ ಅನ್ನ 20. ಒಟ್ಟು 72. ಹನ್ನೆರಡರಿಂದ ಭಾಗಿಸಿದರೆ 6 ಯೂನಿಟ್.

ಊಟಕ್ಕೆ ಮುಂಚೆಯೇ ಶುಗರ್ ಏರಿದ್ದರೆ ಅದಕ್ಕೊಂದಿಷ್ಟು ಸೇರಿಸಬೇಕು. ಇಲ್ಲಿ 1800ರ ಲೆಕ್ಕ. 1800 ಭಾಗಿಸು 40, ಅಂದರೆ ಒಂದು ಯೂನಿಟ್ ಸುಮಾರು 45 ಇಳಿಸುತ್ತದೆ. ಮೀಟರ್ 210 ತೋರಿಸುತ್ತಿದೆ, ಬೇಕಾದದ್ದು 120. ಹೆಚ್ಚಿರುವ 90ಕ್ಕೆ 2 ಯೂನಿಟ್. ಊಟದ ಆರು, ಇದರ ಎರಡು, ಒಟ್ಟು 8. ಇದು ಲೆಕ್ಕ ತೋರಿಸಲು ಕೊಟ್ಟ ಉದಾಹರಣೆ ಅಷ್ಟೇ, ಯಾರ ಡೋಸೂ ಅಲ್ಲ.

ಎರಡು ಗಂಟೆ ಬಿಟ್ಟು ನೋಡಿದಾಗ ಇನ್ನೂ 200 ಇದೆ ಎಂದು ಗಾಬರಿಯಾಗಿ ಮತ್ತೆ ಚುಚ್ಚಬೇಡಿ. ಮೊದಲು ಹಾಕಿದ್ದು ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ. ಅದರ ಮೇಲೆ ಇನ್ನೊಂದು ಸೇರಿದರೆ ನಡುರಾತ್ರಿ ಶುಗರ್ ಪಾತಾಳಕ್ಕೆ ಇಳಿಯಬಹುದು.

ಸಿರಿಂಜ್ ಬಳಸುವವರು ಬಾಟಲಿ ಮೇಲಿನ ಅಂಕಿ ಓದಿಯೇ ತೆಗೆಯಿರಿ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಬಾಟಲಿಯೂ ಇದೆ, 100 ಯೂನಿಟ್ ಇರುವುದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾದರೆ ಇಷ್ಟೆಲ್ಲ ಲೆಕ್ಕ ಹಾಕಿದ್ದು ನೀರಲ್ಲಿ ಹೋಮ.

ಮದುವೆ ಮನೆಯ ಪಾಠ

ಬೇಗ ಕೆಲಸ ಮಾಡುವ ಇನ್ಸುಲಿನ್ನನ್ನು ಸಾಮಾನ್ಯವಾಗಿ ಊಟಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಹಾಕುತ್ತಾರೆ. ಮನೆಯಲ್ಲಿ ಇದು ಸರಿ. ಒಮ್ಮೆ ನೆಂಟರ ಮದುವೆಯಲ್ಲಿ ‘ಇನ್ನೇನು ಎಲೆ ಹಾಕ್ತಾರೆ’ ಎಂದು ಯಾರೋ ಹೇಳಿದರು. ಇಂಜೆಕ್ಷನ್ ಕೊಟ್ಟೆ. ಒಳಗೆ ಹೋದರೆ ಪಂಕ್ತಿ ತುಂಬಿತ್ತು. ಮುಂದಿನ ಪಂಕ್ತಿಗೆ ಮುಕ್ಕಾಲು ಗಂಟೆ. ಮಗಳ ಕೈ ನಡುಗತೊಡಗಿತು, ಹಣೆ ಬೆವರಿತು. ಮೀಟರ್‌ನಲ್ಲಿ 58. ಅಡುಗೆಯವರ ಹತ್ತಿರ ಓಡಿ ಸಕ್ಕರೆ ತಂದೆ. ಅಂದಿನಿಂದ ನಮ್ಮ ನಿಯಮ ಇಷ್ಟೇ: ಎಲೆ ಮುಂದೆ ಕೂತು, ಉಪ್ಪು, ಕೋಸಂಬರಿ ಬಿದ್ದ ಮೇಲೆಯೇ ಇನ್ಸುಲಿನ್ ಪೆನ್ ಹೊರಗೆ.

ಶುಗರ್ 70ಕ್ಕಿಂತ ಇಳಿದರೆ 15 ಗ್ರಾಂ ಸಕ್ಕರೆ, ಅಂದರೆ ಸುಮಾರು ಮೂರು ಟೀ ಚಮಚ, ನೀರಿಗೆ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರಿಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಚಾಕೊಲೇಟ್, ಪೇಡ ಬೇಡ. ಅವುಗಳ ಜಿಡ್ಡು ಸಕ್ಕರೆಯನ್ನು ತಡ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರು ಕಟ್ಟಬಹುದು. ಮಗ್ಗುಲಿಗೆ ಮಲಗಿಸಿ, ಡಾಕ್ಟರು ಶುಗರ್ ಏರಿಸುವ ಗ್ಲುಕಗಾನ್ ಎಂಬ ಔಷಧಿ ಬರೆದುಕೊಟ್ಟು ಕಲಿಸಿದ್ದರೆ ಕೊಟ್ಟು, ಕೂಡಲೇ 108ಕ್ಕೆ ಫೋನ್ ಮಾಡಿ.

ಜಿಡ್ಡಿನ ಆಟ ಹೋಳಿಗೆಯಲ್ಲೂ ಕಾಣುತ್ತದೆ. ತುಪ್ಪ ಹಾಕಿದ ಹೋಳಿಗೆ ತಿಂದು ಎರಡು ಗಂಟೆಗೆ 140. ಆಹಾ, ಗೆದ್ದೆವು ಎಂದು ಮಲಗಿದರೆ ಬೆಳಗಿನ ಜಾವ 260. ಪೂರಿ, ಬೆಣ್ಣೆ ದೋಸೆ, ಬಿರಿಯಾನಿಯದ್ದೂ ಇದೇ ಕತೆ. ಹಾಗಂತ ಯುಗಾದಿಯ ದಿನ ಹೋಳಿಗೆ ಇಲ್ಲ ಎನ್ನಲಾಗುತ್ತದೆಯೇ? ಇಂಥ ಊಟಕ್ಕೆ ಡೋಸನ್ನು ಎರಡು ಪಾಲು ಮಾಡುವುದುಂಟು. ಅದನ್ನು ಡಾಕ್ಟರ ಹತ್ತಿರವೇ ಕಲಿಯಿರಿ. ನಾನು ಇವತ್ತಿಗೂ ಹಬ್ಬದ ಮರುದಿನ ನೋಟ್‌ಬುಕ್ ಹಿಡಿದು ಅವರ ಮುಂದೆ ಕೂರುವವಳೇ.

ಸ್ಕೂಲಿನ ಡಬ್ಬಿ

ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿ. ‘ಚಿತ್ರಾನ್ನ 45, ಬಾಳೆಹಣ್ಣು 11.’ ಅಷ್ಟು ಸಾಕು. ಸಣ್ಣ ಮಕ್ಕಳು ಅರ್ಧ ತಿಂದು ಬಿಡುತ್ತಾರೆ, ಅಲ್ವಾ? ಅವರಿಗೆ ತಿಂದ ಕೂಡಲೇ ಇನ್ಸುಲಿನ್ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿ ಯಾವಾಗಲೂ ಇರಲಿ. ಅದು ಎಲ್ಲಿದೆ ಎಂಬುದು ಕ್ಲಾಸ್ ಟೀಚರ್‌ಗೂ, ಪಕ್ಕದ ಬೆಂಚಿನ ಗೆಳತಿಗೂ ಗೊತ್ತಿರಲಿ. ಆಟದ ಪೀರಿಯಡ್ ಇರುವ ದಿನ ಶುಗರ್ ಜಾಸ್ತಿ ಇಳಿಯುತ್ತದೆ. ಟೈಮ್‌ಟೇಬಲಿನ ಒಂದು ಪ್ರತಿ ಅಡುಗೆಮನೆಯಲ್ಲೂ ಇರಬೇಕು.

ಡಬ್ಬಿ ಅದಲುಬದಲು ಮಾಡಿಕೊಳ್ಳುವುದನ್ನು ತಡೆಯಲು ನಾನು ಎರಡು ವರ್ಷ ಒದ್ದಾಡಿದೆ, ಆಗಲಿಲ್ಲ. ಈಗ ಅವಳ ಗೆಳತಿಯ ಅಮ್ಮ ರಾತ್ರಿಯೇ ಮೆಸೇಜ್ ಹಾಕುತ್ತಾರೆ: ‘ನಾಳೆ ಪುಳಿಯೋಗರೆ. ಒಂದು ಸೌಟಿಗೆ ಎಷ್ಟು ಅಂತ ಹೇಳಿ, ನಾನೂ ಚೀಟಿ ಅಂಟಿಸ್ತೀನಿ.’