ಲಸಿಕೆಗಳ ನಡುವಿನ ವರ್ಷಗಳಲ್ಲಿ ಮಗುವಿನ ತೂಕ: ಮುಂಬಯಿ, ಪುಣೆ, ಗೋವಾದ ಕನ್ನಡಿಗ ಪೋಷಕರಿಗೆ ಒಂದು ಕೈಪಿಡಿ

ಮುಂಬಯಿ, ಪುಣೆ ಅಥವಾ ಗೋವಾದಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಲ್ಲಿ ಮಗುವಿನ ಮೊದಲ ಎರಡು ವರ್ಷ ವೈದ್ಯರ ಸಂಪರ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಹುಟ್ಟಿದಾಗ, ಆಮೇಲೆ 6, 10 ಮತ್ತು 14ನೆಯ ವಾರಗಳಲ್ಲಿ, 9ನೆಯ ತಿಂಗಳಲ್ಲಿ, ಮತ್ತೆ 16ರಿಂದ 24 ತಿಂಗಳ ನಡುವೆ ಲಸಿಕೆಗಾಗಿ ಹೋಗಲೇಬೇಕಾಗುತ್ತದೆ. ಹೋದಾಗ ತೂಕವನ್ನೂ ನೋಡಿ ಬರೆಯುತ್ತಾರೆ. ಸರಕಾರಿ ವೇಳಾಪಟ್ಟಿಯಲ್ಲಿ ಇದರ ನಂತರದ ಲಸಿಕೆ ಇರುವುದು 5–6ನೆಯ ವಯಸ್ಸಿಗೆ, ಅದಾದ ಮೇಲೆ 10ಕ್ಕೆ, ಕೊನೆಯದು 16ಕ್ಕೆ. ಈ ನಡುವಿನ ವರ್ಷಗಳಲ್ಲಿ ಮಗು ವೈದ್ಯರ ಮುಂದೆ ಕೂರುವುದು ಜ್ವರವೋ ಕೆಮ್ಮೋ ವಾಂತಿಯೋ ಬಂದಾಗ ಮಾತ್ರ. ಆಗ ಎತ್ತರ ಅಳೆಯುವ ಪುರುಸೊತ್ತು ಯಾರಿಗೂ ಇರುವುದಿಲ್ಲ, ತೂಕ ನೋಡಿದರೂ ಔಷಧದ ಪ್ರಮಾಣವನ್ನು ಲೆಕ್ಕ ಹಾಕುವುದಕ್ಕಾಗಿ ನೋಡುತ್ತಾರೆ. ಬೊಜ್ಜಿನ ಮೊದಲ ಸುಳಿವು ಎಷ್ಟೋ ಸಲ ಕೈತಪ್ಪಿಹೋಗುವುದು ಇದೇ ಅಂತರದಲ್ಲಿ.

ಮೊದಲ ವರ್ಷದಲ್ಲಿ ತುಂಬಿಕೊಂಡ ಮೈ, ಮಗು ನಡೆಯತೊಡಗಿದ ಮೇಲೆ ಕ್ರಮೇಣ ಕರಗುತ್ತಾ ಬಂದು, ಐದಾರು ವರ್ಷದ ಸುಮಾರಿಗೆ ಮತ್ತೆ ತುಂಬಿಕೊಳ್ಳಲು ಆರಂಭಿಸುತ್ತದೆ. ಈ ಎರಡನೆಯ ಏರಿಕೆ ಐದು ವರ್ಷಕ್ಕೆ ಮುಂಚೆಯೇ ಶುರುವಾದ ಮಕ್ಕಳಲ್ಲಿ ಮುಂದೆ ಬೊಜ್ಜು ಬರುವ ಸಾಧ್ಯತೆ ಹೆಚ್ಚು. ಆದರೆ ನಮ್ಮ ಮನೆಗಳಲ್ಲಿ ಆತಂಕ ಹುಟ್ಟುವುದು ಇದಕ್ಕೆ ಸರಿಯಾಗಿ ವಿರುದ್ಧ ಸಮಯದಲ್ಲಿ: ಮೂರನೆಯ ವರ್ಷಕ್ಕೆ ಮಗು ಸಹಜವಾಗಿಯೇ ತೆಳ್ಳಗಾದಾಗ, ಊರಿನಿಂದ ಬಂದ ಅಜ್ಜಿ “ಮಗು ಇಳಿದುಹೋಗಿದೆ” ಎಂದು ಕೊರಗಿ, ಹಾಲಿಗೆ ಹಾಕುವ ಸಿಹಿ ಪುಡಿಯ ಚಮಚಗಳನ್ನು ಹೆಚ್ಚಿಸಿ, ಒಲ್ಲೆನೆಂದರೂ ಇನ್ನೆರಡು ತುತ್ತು ತುರುಕುತ್ತಾರೆ. ಅವರ ಪ್ರೀತಿಯನ್ನು ಪ್ರಶ್ನಿಸಿ ಪ್ರಯೋಜನವಿಲ್ಲ. ಬೆಳವಣಿಗೆಯ ನಕ್ಷೆಯನ್ನು ತೋರಿಸುವುದು ಹೆಚ್ಚು ಫಲಕಾರಿ.

ಆ ನಕ್ಷೆ ಯಾವುದೆಂಬುದೂ ಮುಖ್ಯ. ಕರ್ನಾಟಕದ ತಾಯಿ ಕಾರ್ಡ್ ಆಗಲಿ, ಮಹಾರಾಷ್ಟ್ರದಲ್ಲಿ ಕೊಡುವ ಮಾತಾ ಬಾಲ ಸಂರಕ್ಷಣಾ ಕಾರ್ಡ್ ಆಗಲಿ, ಅವುಗಳಲ್ಲಿರುವ ಹಸಿರು, ಹಳದಿ, ಕಿತ್ತಳೆ ಬಣ್ಣದ ಪಟ್ಟಿಗಳು ವಯಸ್ಸಿಗೆ ತಕ್ಕ ತೂಕವನ್ನು ತೋರಿಸಿ ಅಪೌಷ್ಟಿಕತೆಯನ್ನು ಗುರುತಿಸಲು ರೂಪುಗೊಂಡವು. ಮಗು ಹಸಿರಿನಲ್ಲಿದೆ ಎಂದರೆ ತೂಕ ಕಡಿಮೆಯಿಲ್ಲ ಎಂದಷ್ಟೇ ಅರ್ಥ. ಅತಿಯಾಗಿಲ್ಲ ಎಂದು ತಿಳಿಯಬೇಕಾದರೆ ಐದು ವರ್ಷದೊಳಗಿನ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಎತ್ತರಕ್ಕೆ ತಕ್ಕ ತೂಕದ ನಕ್ಷೆಯನ್ನೂ, 5ರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಪರಿಷ್ಕರಿಸಿದ ಬಿಎಂಐ (ತೂಕ-ಎತ್ತರಗಳ ಸೂಚ್ಯಂಕ) ನಕ್ಷೆಯನ್ನೂ ನೋಡಬೇಕು. ಈ ಎರಡನೆಯದನ್ನು ರೂಪಿಸುವಲ್ಲಿ ಪುಣೆಯ ತಜ್ಞರ ಪಾತ್ರ ದೊಡ್ಡದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದರೊಳಗಿನ ಅಧಿಕ ತೂಕದ ಮಕ್ಕಳ ಪ್ರಮಾಣ 2015–16ರಲ್ಲಿ ಶೇ. 2.1 ಇದ್ದದ್ದು 2019–21ರಲ್ಲಿ ಶೇ. 3.4ಕ್ಕೆ ಏರಿದೆ.

ಬಿಎಂಐ ವಿಷಯದಲ್ಲಿ ಪೋಷಕರು ಮೋಸಹೋಗುವುದು ಸುಲಭ. ಕಿಲೋಗಳಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕ ದೊಡ್ಡವರಿಗೂ ಮಕ್ಕಳಿಗೂ ಒಂದೇ, ಆದರೆ ಬಂದ ಅಂಕಿಯನ್ನು ಓದುವ ರೀತಿ ಬೇರೆ. 130 ಸೆಂಟಿಮೀಟರ್ ಎತ್ತರದ, 34 ಕಿಲೋ ತೂಕದ ಎಂಟು ವರ್ಷದ ಹುಡುಗನ ಬಿಎಂಐ ಸುಮಾರು 20. ಫೋನಿನ ಆ್ಯಪ್ ಅದನ್ನು ದೊಡ್ಡವರ ಅಳತೆಗೆ ಹಿಡಿದು ಎಲ್ಲ ಸರಿಯಿದೆ ಎನ್ನುತ್ತದೆ, ಮಕ್ಕಳ ನಕ್ಷೆಯಲ್ಲಾದರೋ ಆ ಹುಡುಗ ಅಧಿಕ ತೂಕದ ಗೆರೆಯನ್ನು ಆಗಲೇ ದಾಟಿರುತ್ತಾನೆ. ಎಷ್ಟೋ ಶಾಲೆಗಳ ವಾರ್ಷಿಕ ತಪಾಸಣೆಯ ವರದಿಯಲ್ಲೂ ಎತ್ತರ, ತೂಕಗಳು ಇರುತ್ತವೆಯೇ ಹೊರತು ಅವು ಏನನ್ನು ಹೇಳುತ್ತವೆ ಎಂಬ ಮಾತು ಇರುವುದಿಲ್ಲ. ಆ ಕಾಗದಗಳನ್ನು ಎಸೆಯದೆ ಕೂಡಿಟ್ಟು ಮಕ್ಕಳ ತಜ್ಞರಿಗೆ ತೋರಿಸಿ.

ಎಲ್ಲಿ ತೋರಿಸಬೇಕು ಎಂಬುದು ಊರನ್ನೂ ಆದಾಯವನ್ನೂ ಅವಲಂಬಿಸಿದೆ. ಮುಂಬಯಿಯಲ್ಲಿ ಮಹಾನಗರ ಪಾಲಿಕೆಯ ಹೆಲ್ತ್ ಪೋಸ್ಟ್‌ಗಳು ಲಸಿಕೆಯ ಕೆಲಸ ನೋಡಿಕೊಳ್ಳುತ್ತವೆ. ಸಾಮಾನ್ಯ ತಪಾಸಣೆಗೆ ಪಾಲಿಕೆಯ ದವಾಖಾನೆಗಳೂ 2022ರಿಂದ ಆರಂಭವಾದ ‘ಆಪಲಾ ದವಾಖಾನಾ’ಗಳೂ ಇವೆ. ಇಲ್ಲಿಂದ ಮುಂದಕ್ಕೆ ಕಳಿಸಬೇಕಾದರೆ ಕೆಇಎಂ, ಸಯನ್, ನಾಯರ್, ಕೂಪರ್ ಆಸ್ಪತ್ರೆಗಳ ಮಕ್ಕಳ ವಿಭಾಗಗಳೂ, ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಯೂ ಇವೆ. ಪುಣೆಯವರಿಗೆ ಪಾಲಿಕೆಯ ದವಾಖಾನೆಗಳು ಮತ್ತು ಸಸೂನ್ ಆಸ್ಪತ್ರೆ, ಪಿಂಪ್ರಿ-ಚಿಂಚವಾಡದವರಿಗೆ ವೈಸಿಎಂ ಆಸ್ಪತ್ರೆ, ಗೋವಾದವರಿಗೆ ಊರಿನ ಆರೋಗ್ಯ ಕೇಂದ್ರ ಮತ್ತು ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜು. ಸರಕಾರಿ ಆಸ್ಪತ್ರೆಗಳಲ್ಲಿ ಮೊದಲು ಕೇಸ್ ಪೇಪರ್ (ನೋಂದಣಿ ಚೀಟಿ) ಮಾಡಿಸಬೇಕು, ಬೆಳಗ್ಗೆ ಬೇಗ ಹೋಗಬೇಕು. ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರಲ್ಲಿ ಹಲವರಿಗೆ ಇಎಸ್‌ಐ ಕಡಿತವಾಗುತ್ತಿದ್ದರೂ (ಇದು ನೌಕರರ ವಿಮೆ; 2017ರಿಂದ ಇದರ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ) ಅದರಲ್ಲಿ ಹೆಂಡತಿ ಮಕ್ಕಳಿಗೂ ಹೊರರೋಗಿ ಸೇವೆ ಸಿಗುತ್ತದೆ ಎಂಬ ತಿಳಿವಳಿಕೆ ಇರುವುದಿಲ್ಲ. ಖಾಸಗಿ ವಿಮೆ ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದ ಖರ್ಚನ್ನಷ್ಟೇ ಕೊಡುವುದರಿಂದ ಇಂಥ ಭೇಟಿಯ ಶುಲ್ಕವನ್ನು ಕೈಯಿಂದಲೇ ಕೊಡಬೇಕಾಗಬಹುದು.

ಮಗು ಅಂಗನವಾಡಿಗೋ ಸರಕಾರಿ ಶಾಲೆಗೋ ಹೋಗುತ್ತಿದ್ದರೆ ಇನ್ನೊಂದು ದಾರಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕೆಂಬ ನಿಯಮವಿದೆ. ತಂಡ ಬರುವ ದಿನವನ್ನು ಶಿಕ್ಷಕಿಯಿಂದ ತಿಳಿದುಕೊಂಡು ಅಂದು ರಜೆ ಹಾಕಿಸದಿರುವುದು ಒಳ್ಳೆಯದು.

ವೈದ್ಯರ ಬಳಿ ಹೋದಾಗ ಕೇಳಬೇಕಾದದ್ದು ಒಂದೇ ಮಾತು: ತೂಕ, ಎತ್ತರ ಎರಡನ್ನೂ ಅಳೆದು ನಕ್ಷೆಯಲ್ಲಿ ಗುರುತು ಹಾಕಿಕೊಡಿ. ಮರಾಠಿಯಲ್ಲಾದರೆ ‘ವಜನ್ ಆಣಿ ಉಂಚಿ’ ಎಂದರೆ ಸಾಕು. ಚಪ್ಪಲಿ ತೆಗೆಸಿ, ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ದೊಡ್ಡ ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆಯಬೇಕು. ಎಂಟು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಇಷ್ಟು ಮಾಡಿಸಿದರೆ ನಕ್ಷೆಯ ಗೆರೆ ತಾನೇ ಮಾತಾಡುತ್ತದೆ. ಒಂದು ಚುಕ್ಕೆಗಿಂತ, ಮಗು ತನ್ನ ಗೆರೆಯನ್ನು ಬಿಟ್ಟು ಮೇಲಿನದಕ್ಕೆ ಜಿಗಿಯಿತೇ ಎಂಬುದೇ ಮುಖ್ಯ. ಮಗು ಆರೋಗ್ಯವಾಗಿರುವಾಗಲೇ, ಹುಟ್ಟುಹಬ್ಬದ ತಿಂಗಳಲ್ಲಿ ಹೋಗುವ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ.

ವೈದ್ಯರು ಊಟದ ವಿಷಯ ಕೇಳಿದಾಗ ಮನೆಯ ಅನ್ನ, ಸಾರು, ರೊಟ್ಟಿ, ಪಲ್ಯಗಳನ್ನಷ್ಟೇ ಹೇಳಿ ಸುಮ್ಮನಾಗಬೇಡಿ. ತೂಕ ಏರುವುದು ಹೆಚ್ಚಾಗಿ ಹೇಳದೆ ಬಿಟ್ಟ ಬಾಬ್ತುಗಳಿಂದ: ಟ್ಯೂಷನ್ ದಾರಿಯ ವಡಾ ಪಾವ್, ಸಂಜೆಯ ಫರಸಾಣ, ಬಾಟಲಿಯ ಹಣ್ಣಿನ ರಸ, ಟಿವಿ ಮುಂದೆ ಖಾಲಿಯಾಗುವ ಬಿಸ್ಕತ್ತಿನ ಪೊಟ್ಟಣ. ಎರಡು ವರ್ಷದೊಳಗೆ ಸಕ್ಕರೆ, ಹಣ್ಣಿನ ರಸ, ಪರದೆ ಮೂರೂ ಬೇಡವೆಂಬುದು ತಜ್ಞರ ಸಲಹೆ; ಐದು ದಾಟಿದವರಿಗೆ ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ ಬೇಕು. ಒಂದೇ ಕೋಣೆಯ ಮನೆಯಲ್ಲಿ ಅದು ಎಲ್ಲಿಂದ ಬರಬೇಕು ಎಂದು ಮುಂಬಯಿಯವರು ಕೇಳುವುದು ನ್ಯಾಯವೇ, ಆದರೂ ಶಾಲೆಗೆ ನಡೆದು ಹೋಗುವುದು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದು ಲೆಕ್ಕಕ್ಕೆ ಬರುತ್ತವೆ.

ತೂಕ ಹೆಚ್ಚಾಗಿದೆಯೆಂದು ತಿಳಿದೊಡನೆ ಉಪವಾಸ ಕೆಡವಬಾರದು. ಬೆಳೆಯುವ ಮಗುವಿನಲ್ಲಿ ತೂಕವನ್ನು ಇದ್ದಲ್ಲೇ ತಡೆದು ಎತ್ತರ ಏರಲು ಬಿಡುವುದೇ ಅನೇಕ ಸಲ ಸಾಕಾಗುತ್ತದೆ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪವಾಗಿ ಕಪ್ಪಾಗಿದ್ದರೆ ಅದು ತಿಕ್ಕಿದರೆ ಹೋಗುವ ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಲಕ್ಷಣವಿರಬಹುದು. ಆಗ ರಕ್ತದೊತ್ತಡ, ಸಕ್ಕರೆ, ಕೊಬ್ಬು, ಯಕೃತ್ತಿನ ಪರೀಕ್ಷೆಗಳನ್ನು ಬರೆದುಕೊಡುತ್ತಾರೆ. ತೂಕ ಏರುತ್ತಾ ಎತ್ತರ ಮಾತ್ರ ನಿಂತುಹೋದ ಮಗುವಿಗೆ ಥೈರಾಯ್ಡ್ ಮೊದಲಾದ ಹಾರ್ಮೋನುಗಳ ತಪಾಸಣೆ ತಡಮಾಡದೆ ಆಗಬೇಕು. ವಯಸ್ಸಿಗೆ ಮೀರಿ ಎತ್ತರವೂ ಇರುವ ದಪ್ಪ ಮಗುವಿನಲ್ಲಿ ಥೈರಾಯ್ಡ್ ಕಾರಣವಾಗಿರುವುದು ಅಪರೂಪ.

ಕೆಲಸದ ಬೆನ್ನು ಹತ್ತಿ ವಾಸ್ಕೋದಿಂದ ಗದಗಕ್ಕೆ, ಡೊಂಬಿವಲಿಯಿಂದ ಉಡುಪಿಗೆ ಹೋಗಿಬರುವ ಕುಟುಂಬಗಳಲ್ಲಿ ದಾಖಲೆಗಳು ಚದುರಿಹೋಗುತ್ತವೆ. ಲಸಿಕೆಯ ವಿವರವನ್ನು ಸರಕಾರದ ಲಸಿಕೆ ಜಾಲತಾಣವಾದ ಯು-ವಿನ್‌ನಲ್ಲಿ ದಾಖಲಿಸಿದ್ದರೆ ಯಾವ ರಾಜ್ಯದಲ್ಲಾದರೂ ಮುಂದುವರಿಸಬಹುದು. ಬೆಳವಣಿಗೆಯ ನಕ್ಷೆಗೆ ಆ ಅನುಕೂಲವನ್ನು ನೆಚ್ಚಿಕೊಳ್ಳದೆ ಅದರ ಫೋಟೋವನ್ನು ತಂದೆ ತಾಯಿ ಇಬ್ಬರ ಫೋನಿನಲ್ಲೂ ಇಟ್ಟುಕೊಂಡು, ಊರಿನಲ್ಲಿ ಅಳೆಸಿದಾಗಲೂ ದಿನಾಂಕ ಸಹಿತ ಅದೇ ಹಾಳೆಯಲ್ಲಿ ಬರೆಸಿ.